ರೀಪರ್‌ನಲ್ಲಿ ಹಾಡಿನ ಟೆಂಪ್ಲೇಟ್: ಏನಿರಬೇಕು, ಏನು ಬೇಡ?

ಶ್ರುತಿಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮನೆಯ ಒಂದು ಕೋಣೆಯಲ್ಲೇ ಭಾವಗೀತೆ, ದೇವರನಾಮ ರೆಕಾರ್ಡ್ ಮಾಡ್ತೀನಿ. ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್. ಹಾಡೋರು ಬಂದು ಮೈಕ್ ಮುಂದೆ ನಿಂತ ಮೇಲೆ ನಾನು ತಂಬೂರಿ ಹಾಕ್ತಾ, ರಿವರ್ಬ್‌ಗೆ (ಕೋಣೆಯ ಅನುರಣನ ಕೊಡೋ ಎಫೆಕ್ಟ್) ಸೆಂಡ್ ಕೊಡ್ತಾ, ಹೆಡ್‌ಫೋನ್ ಔಟ್ ಹುಡುಕ್ತಾ ಕೂತರೆ ಅವರ ಹುಮ್ಮಸ್ಸೇ ಇಳಿದುಹೋಗುತ್ತೆ. ಅದಕ್ಕೇ ಒಂದು ವಿಡಿಯೋ ನೋಡಿ ದೊಡ್ಡ ಟೆಂಪ್ಲೇಟ್, ಅಂದ್ರೆ ಟ್ರ್ಯಾಕ್, ಸೆಟ್ಟಿಂಗ್ ಎಲ್ಲ ಮೊದಲೇ ಸಿದ್ಧವಿರೋ ಪ್ರಾಜೆಕ್ಟ್, ಕಟ್ಟಿಟ್ಟುಕೊಂಡೆ. 90 ಟ್ರ್ಯಾಕ್ ಇದೆ. ತಬಲಾ, ಢೋಲಕ್, ಕೊಳಲು, ಸಿತಾರ್, ಸ್ಟ್ರಿಂಗ್ಸ್, ಪ್ಯಾಡ್, ಎಲ್ಲಕ್ಕೂ ಇಕ್ಯೂ (ದಪ್ಪ, ತೆಳು ದನಿ ಹೆಚ್ಚು ಕಡಿಮೆ ಮಾಡೋದು), ಕಂಪ್ರೆಸರ್ (ಜೋರು, ಮೆಲ್ಲಗಿನ ಅಂತರ ಕುಗ್ಗಿಸೋದು). ಎಲ್ಲ ಟ್ರ್ಯಾಕ್ ಸೇರೋ ಮಾಸ್ಟರ್ ಮೇಲೂ ಇಕ್ಯೂ, ಲಿಮಿಟರ್ (ಮಟ್ಟ ಮಿತಿ ದಾಟದ ಹಾಗೆ ತಡೆಯೋದು).

ಈಗ ತೊಂದರೆ ಏನಂದ್ರೆ, ತೆರೆಯೋಕೇ ಸಿಕ್ಕಾಪಟ್ಟೆ ಹೊತ್ತು ಹಿಡಿಯುತ್ತೆ, 16 ಜಿಬಿ ರ‍್ಯಾಮ್ ಇದ್ದರೂ. ಹಾಡೋರು ‘ನನ್ನ ಧ್ವನಿ ನನಗೇ ತಡವಾಗಿ ಕೇಳ್ತಿದೆ’ ಅಂತಾರೆ. ಇನ್ನೊಂದು ನನ್ನನ್ನ ಜಾಸ್ತಿ ಕಾಡ್ತಿರೋದು: ಈಚೆಗೆ ಮಾಡಿದ ಹಾಡೆಲ್ಲ ಒಂದೇ ತರ ಕೇಳ್ತಿವೆ. ನೀವೆಲ್ಲ ಟೆಂಪ್ಲೇಟ್‌ನಲ್ಲಿ ಏನೇನು ಇಟ್ಕೊಂಡಿದ್ದೀರಿ?

ಮಲೆನಾಡ್_ಮಿಕ್ಸ್
ಮೊದಲು ಆ ತಡದ ವಿಷಯ ಮುಗಿಸೋಣ. ಮಾಸ್ಟರ್ ಮೇಲಿರೋ ಇಕ್ಯೂ ಯಾವ ಮೋಡ್‌ನಲ್ಲಿದೆ ನೋಡಿ. ಲೀನಿಯರ್ ಫೇಸ್ (ಧ್ವನಿಯನ್ನ ತಡಮಾಡಿ ಕಳಿಸೋ ಮೋಡ್) ಆಗಿದ್ದರೆ ಕಳ್ಳ ಅದೇ. ಲಿಮಿಟರ್‌ನ ಲುಕ್‌ಅಹೆಡ್ (ಮುಂದೆ ಬರೋ ಧ್ವನಿಯನ್ನ ಮೊದಲೇ ನೋಡಿಕೊಳ್ಳೋದು) ಕೂಡ ಸೇರಿಕೊಳ್ಳುತ್ತೆ. ಎಫ್‌ಎಕ್ಸ್ (ಎಫೆಕ್ಟ್) ಕಿಟಕಿಯ ಕೆಳಗಡೆ ಸಣ್ಣ ಅಕ್ಷರದಲ್ಲಿ ಎಷ್ಟು ಸ್ಯಾಂಪಲ್ (ಧ್ವನಿಯ ಅತಿ ಸಣ್ಣ ತುಣುಕು) ತಡ ಅಂತ ರೀಪರ್ ತೋರಿಸುತ್ತೆ. ಅಲ್ಲಿರೋ ಸಂಖ್ಯೆ ಹೇಳಿ.

ಶ್ರುತಿಪೆಟ್ಟಿಗೆ
4096 ಅಂತಿದೆ. ಇಕ್ಯೂ ಲೀನಿಯರ್ ಫೇಸೇ.

ಮಲೆನಾಡ್_ಮಿಕ್ಸ್
48 ಕಿಲೋಹರ್ಟ್ಸ್‌ನಲ್ಲಿ 4096 ಸ್ಯಾಂಪಲ್ ಅಂದ್ರೆ 85 ಮಿಲಿಸೆಕೆಂಡು. ಅದರ ಮೇಲೆ ಇಂಟರ್‌ಫೇಸ್‌ನ (ಮೈಕ್ ಚುಚ್ಚೋ ಪೆಟ್ಟಿಗೆ) ಬಫರ್, ಅಂದ್ರೆ ಧ್ವನಿ ಕೂಡಿಟ್ಟು ಕಳಿಸೋ ಅವಧಿ, ಬೇರೆ. ಯಾರಿಗೂ ಹಾಡೋಕೆ ಆಗಲ್ಲ ಹೀಗಿದ್ದರೆ. ಬಫರ್ 128 ಇಟ್ಟರೆ ಒಂದು ಕಡೆಗೆ 3 ಮಿಲಿಸೆಕೆಂಡೂ ಆಗಲ್ಲ, ಆದರೆ ಮಾಸ್ಟರ್ ಮೇಲೆ ಇಂಥದ್ದು ಕೂತಿದ್ದರೆ ಬಫರ್ ಇಳಿಸಿ ಏನೂ ಉಪಯೋಗ ಇಲ್ಲ. ರೆಕಾರ್ಡಿಂಗ್ ಟೆಂಪ್ಲೇಟ್‌ನ ಮಾಸ್ಟರ್ ಖಾಲಿ ಇರಲಿ. ಮಿಕ್ಸ್‌ಗೆ ಕೂತಾಗ ಹಾಕಿಕೊಳ್ಳಿ.

ಲಾಜಿಕ್_ಲಹರಿ
ಲಾಜಿಕ್‌ನಲ್ಲಿ (ಆ್ಯಪಲ್‌ನ ರೆಕಾರ್ಡಿಂಗ್ ಸಾಫ್ಟ್‌ವೇರ್) ಇದಕ್ಕೇ ಲೋ ಲೇಟೆನ್ಸಿ ಮೋಡ್ ಅಂತ ಬಟನ್ ಇದೆ, ಹಾಡಿಸುವಾಗ ಒತ್ತಿದರೆ ತಡ ಮಾಡೋ ಪ್ಲಗಿನ್‌ಗಳನ್ನ (ಇಕ್ಯೂ, ಲಿಮಿಟರ್‌ನಂಥ ಜೋಡಣೆಗಳು) ಪಕ್ಕಕ್ಕಿಡುತ್ತೆ.

ಕ್ಯೂಬೇಸ್_ಕಡತ
ಕ್ಯೂಬೇಸ್ ಸಾಫ್ಟ್‌ವೇರ್‌ನಲ್ಲಿ ಕನ್‌ಸ್ಟ್ರೇನ್ ಡಿಲೇ ಕಾಂಪನ್ಸೇಶನ್. ಅದೇ ಕೆಲಸ.

ಧಾರವಾಡ_ತಬಲಾ
ನಾ ಬ್ಯಾರೇನ ಹೇಳ್ತೀನ್ರಿ. ಟೆಂಪ್ಲೇಟೇ ಬ್ಯಾಡ. ಹಾಡು ಯಾವುದು, ಹಾಡೋರು ಯಾರು, ಶ್ರುತಿ ಎಷ್ಟು, ಲಯ ಹ್ಯಾಂಗದ ಅನ್ನೋದು ಗೊತ್ತಾಗೂಕಿಂತ ಮದ್ಲ ತಬಲಾಕ್ಕ ಕಂಪ್ರೆಸರ್ ಹಾಕಿ ಕುಂದ್ರಿಸಿದ್ರ ಹಾಡು ಒಂದs ಥರಾ ಆಗದ ಇನ್ನೇನ್ ಆಗ್ತದ? ನನ್ನ ಬಾಯಾಂದು (ತಬಲಾದ ಎಡಗೈ ಡಗ್ಗಾ) ಎಷ್ಟೋ ಸ್ಟುಡಿಯೋದಾಗ ರೆಕಾರ್ಡ್ ಮಾಡ್ಯಾರ. ಒಂದ್ ಕಡೆ ನಾ ಬಾರಿಸೂದಕ್ಕ ಶುರು ಮಾಡೂಕಿಂತ ಮದ್ಲs ಇಕ್ಯೂದಾಗ ಕೆಳಗಿನ ದನಿ ಕತ್ತರಿಸಿ ಇಟ್ಟಿದ್ರು. ಯಾಕ್ರಿ ಅಂದ್ರ ‘ನಮ್ಮ ಟೆಂಪ್ಲೇಟ್ ಹಂಗs ಅದ’ ಅಂದ್ರು. ಬಾಯಾಂದ ಘಿಸ್ಸಾ (ಅಂಗೈ ಸರಿಸಿ ತೆಗೆಯೂ ಗುಂಯ್ ಅನ್ನೂ ದನಿ) ಎಲ್ಲಾ ಹೋತು. ಅದ ಬಾಯಾಂದ ಜೀವ ಅಲ್ಲೇನ್ರಿ?

ಮಲೆನಾಡ್_ಮಿಕ್ಸ್
ತಬಲಾ ಅವರೇ, ನೀವು ಹೇಳಿದ ತೊಂದರೆ ನೂರಕ್ಕೆ ನೂರು ನಿಜ. ಆದರೆ ಅದು ಇಕ್ಯೂ ಮೊದಲೇ ಹಾಕಿಟ್ಟವರ ತಪ್ಪು, ಟೆಂಪ್ಲೇಟ್‌ದಲ್ಲ. ಟ್ರ್ಯಾಕ್‌ಗೆ ‘ದಾಯಾಂ’ (ಬಲಗೈಯದು), ‘ಬಾಯಾಂ’ ಅಂತ ಹೆಸರಿಟ್ಟು, ಇನ್‌ಪುಟ್ 3, 4 ಕೊಟ್ಟು, ಎರಡನ್ನೂ ‘ತಾಳವಾದ್ಯ’ ಫೋಲ್ಡರ್ ಒಳಗೆ ಹಾಕಿಟ್ಟರೆ ನಿಮ್ಮ ಬಾಯಾಂಗೆ ಏನು ನಷ್ಟ? ಕಿವಿಯಿಂದ ಕೇಳಿ ತೀರ್ಮಾನ ಮಾಡಬೇಕಾದ್ದನ್ನ ಟೆಂಪ್ಲೇಟ್‌ನಲ್ಲಿ ಇಡಬಾರದು, ಯಾವ ಹಾಡಿಗೂ ಬದಲಾಗದ್ದನ್ನ ಮಾತ್ರ ಇಡಬೇಕು ಅನ್ನೋದು ನನ್ನ ವಾದ.

ಧಾರವಾಡ_ತಬಲಾ
ಅಷ್ಟs ಇದ್ರ ನನ್ನ ತಕರಾರಿಲ್ಲ. ಆದ್ರ ಮಂದಿ ಅಷ್ಟಕ್ಕs ಬಿಡಂಗಿಲ್ಲ ನೋಡ್ರಿ.

ಕ್ಯೂಬೇಸ್_ಕಡತ
ಸ್ವಲ್ಪ ಒಪ್ಪಲ್ಲ. ನಾನು ಸೀರಿಯಲ್ ಮತ್ತು ಸಿನಿಮಾ ಹಿನ್ನೆಲೆ ಸಂಗೀತದ ಕೆಲಸ ಮಾಡೋನು. ಇವತ್ತು ಸೀನ್ ಬರುತ್ತೆ, ನಾಳೆ ಬೆಳಗ್ಗೆ ಕೊಡಬೇಕು. ಅಲ್ಲಿ ಖಾಲಿ ಮಾಸ್ಟರ್, ಖಾಲಿ ಟ್ರ್ಯಾಕ್ ಅಂತ ಕೂತರೆ ಆಗಲ್ಲ. ನನ್ನ ಟೆಂಪ್ಲೇಟ್‌ನಲ್ಲಿ ಪೂರ್ತಿ ಆರ್ಕೆಸ್ಟ್ರಾ ಇದೆ, ಪ್ರತಿ ವಾದ್ಯಕ್ಕೂ ಒಂದು ಮಟ್ಟದ ಇಕ್ಯೂ, ರಿವರ್ಬ್ ಕೂಡ ಇದೆ. ಸ್ಯಾಂಪಲ್ ಲೈಬ್ರರಿಯ (ಮೊದಲೇ ರೆಕಾರ್ಡ್ ಮಾಡಿಟ್ಟ ಸ್ವರಗಳ ಸಂಗ್ರಹ) ವಯೊಲಿನ್ ಪ್ರತಿ ಸಲ ಒಂದೇ ವಯೊಲಿನ್, ಒಂದೇ ಹಾಲ್‌ನಲ್ಲಿ ರೆಕಾರ್ಡ್ ಆಗಿದ್ದು. ಅದಕ್ಕೆ ಒಂದು ಸಲ ಹೊಂದಿಸಿದ ಇಕ್ಯೂ ಮುಂದಿನ ಸಲವೂ ಹೊಂದುತ್ತೆ. ಮೈಕ್ ಮುಂದೆ ಕೂತು ನುಡಿಸೋರ ವಿಷಯವೇ ಬೇರೆ, ಅದನ್ನ ಇದಕ್ಕೆ ಸೇರಿಸಬೇಡಿ.

ಮೆಮೊರಿ ಬಗ್ಗೆ: ಬೇಡದ ಟ್ರ್ಯಾಕ್‌ಗಳನ್ನೆಲ್ಲ ಡಿಸೇಬಲ್ ಮಾಡಿಟ್ಟಿರ್ತೀನಿ. ಮ್ಯೂಟ್ ಅಲ್ಲ, ಡಿಸೇಬಲ್. ಮ್ಯೂಟ್ ಮಾಡಿದರೆ ಸ್ಯಾಂಪಲ್‌ಗಳು ಮೆಮೊರಿಯಲ್ಲೇ ಕೂತಿರ್ತವೆ. ಬೇಕಾದಾಗ ಒಂದೊಂದೇ ಎಬ್ಬಿಸಿಕೊಳ್ತೀನಿ.

ಶ್ರುತಿಪೆಟ್ಟಿಗೆ
ರೀಪರ್‌ನಲ್ಲಿ ಆ ಡಿಸೇಬಲ್ ಇದೆಯಾ ಸರ್?

ಮಲೆನಾಡ್_ಮಿಕ್ಸ್
ಇದೆ, ಆಫ್‌ಲೈನ್ ಅಂತ. ಬೈಪಾಸ್ ಬೇರೆ, ಆಫ್‌ಲೈನ್ ಬೇರೆ. ಬೈಪಾಸ್ ಮಾಡಿದ ಪ್ಲಗಿನ್ ಮೆಮೊರಿ ಬಿಟ್ಟುಕೊಡಲ್ಲ, ಆಫ್‌ಲೈನ್ ಮಾಡಿದ್ದು ಬಿಟ್ಟುಕೊಡುತ್ತೆ. ಟ್ರ್ಯಾಕ್‌ಗಳನ್ನ ಸೆಲೆಕ್ಟ್ ಮಾಡಿ, ಆಕ್ಷನ್ ಪಟ್ಟಿಯಲ್ಲಿ ಎಲ್ಲ ಎಫ್‌ಎಕ್ಸ್ ಆಫ್‌ಲೈನ್ ಮಾಡೋದನ್ನ ಹುಡುಕಿ ಓಡಿಸಿ, ಆಮೇಲೆ ಟೆಂಪ್ಲೇಟ್ ಸೇವ್ ಮಾಡಿ. ಕೊಂಟ್ಯಾಕ್ಟ್ (ಸ್ಯಾಂಪಲ್ ವಾದ್ಯ ನುಡಿಸೋ ಪ್ಲಗಿನ್) ಬಳಸ್ತಿದ್ದರೆ ಅದರೊಳಗೆ ಪರ್ಜ್ ಕೂಡ ಇದೆ. ಸ್ಯಾಂಪಲ್ ಖಾಲಿ ಮಾಡಿಟ್ಟು, ನುಡಿಸಿದ ಸ್ವರದ್ದು ಮಾತ್ರ ತುಂಬಿಕೊಳ್ಳುತ್ತೆ.

ಆದರೆ ನಿಮಗೆ 90 ಟ್ರ್ಯಾಕ್ ಯಾಕೆ ಬೇಕು ಅನ್ನೋದೇ ನನಗೆ ಅರ್ಥ ಆಗ್ತಿಲ್ಲ. ಭಾವಗೀತೆಗೆ ಸಿತಾರ್ ಬೇಕಾದ ದಿನ ಸಿತಾರ್ ತಂದುಕೊಂಡರಾಯ್ತು. ಟ್ರ್ಯಾಕ್ ಟೆಂಪ್ಲೇಟ್ ಅಂತ ಇದೆಯಲ್ಲ ರೀಪರ್‌ನಲ್ಲಿ. ಟ್ರ್ಯಾಕ್ ಮೇಲೆ ರೈಟ್ ಕ್ಲಿಕ್, ಸೇವ್ ಆ್ಯಸ್ ಟ್ರ್ಯಾಕ್ ಟೆಂಪ್ಲೇಟ್. ತಬಲಾ ಜೋಡಿ ಒಂದು ಫೈಲ್, ಕೋರಸ್ ಒಂದು ಫೈಲ್, ಸ್ಟ್ರಿಂಗ್ಸ್ ಫೋಲ್ಡರ್ ಒಂದು ಫೈಲ್. ದೊಡ್ಡ ಟೆಂಪ್ಲೇಟ್ ಒಂದಕ್ಕಿಂತ ಸಣ್ಣವು ಹತ್ತಿದ್ದರೆ ಒಳ್ಳೇದು. ಮದುವೆ ಮನೆಯ ಪಾತ್ರೆಯೆಲ್ಲ ಒಲೆ ಮೇಲೆ ಇಟ್ಟುಕೊಂಡು ಇಬ್ಬರಿಗೆ ಅಡುಗೆ ಮಾಡಿದ ಹಾಗಿದೆ ನಿಮ್ಮದು.

ಲಾಜಿಕ್_ಲಹರಿ
ಸಣ್ಣ ಟೆಂಪ್ಲೇಟ್ ಪಕ್ಷ ನಂದೂ. ಶುರುವಿಗೆ ನನಗಿರೋದು ತಂಬೂರಿ, ಹಾರ್ಮೋನಿಯಂ, ತಾಳ, ಗಾಯನ, ಗಾಯನದ ಎರಡನೇ ಟೇಕ್‌ಗೆ ಒಂದು, ಎರಡು ರಿವರ್ಬ್ ಬಸ್ (ಹಲವು ಟ್ರ್ಯಾಕ್‌ನ ಧ್ವನಿ ಸೇರೋ ದಾರಿ). ಇಷ್ಟೇ. ರಿವರ್ಬ್ ಒಂದು ಚಿಕ್ಕ ಕೋಣೆದು, ಇನ್ನೊಂದು ಉದ್ದದ್ದು.

ಶ್ರುತಿಪೆಟ್ಟಿಗೆ ಅವರಿಗೆ ಒಂದು ಪ್ರಶ್ನೆ: ತಂಬೂರಿನ ಆಡಿಯೋ ಫೈಲಾಗಿ ಇಟ್ಟಿದ್ದೀರಾ, ವಾದ್ಯದ ಪ್ಲಗಿನ್ ಆಗಿ ಇಟ್ಟಿದ್ದೀರಾ? ನನ್ನಲ್ಲಿ ಹಾಡೋ ಹೆಣ್ಮಕ್ಕಳು ಕಪ್ಪು 4, ಕಪ್ಪು 5 (ಹಾರ್ಮೋನಿಯಂನ ಕಪ್ಪು ಮನೆಯ ಶ್ರುತಿ) ಅಂತಾರೆ, ಗಂಡಸರು ಕಪ್ಪು 1 ಅಂತಾರೆ. ಪ್ರತಿ ಶ್ರುತಿಗೂ ಒಂದೊಂದು ಫೈಲ್ ಇಡೋದು ತಲೆನೋವು.

ಶ್ರುತಿಪೆಟ್ಟಿಗೆ
ಆಡಿಯೋ ಫೈಲ್ ಮೇಡಂ. ಸಿ ಶಾರ್ಪ್‌ದೊಂದು (ಕಪ್ಪು 1), ಜಿ ಶಾರ್ಪ್‌ದೊಂದು (ಕಪ್ಪು 4) ಇದೆ. ಅದರಲ್ಲೂ ಒಂದು ತಾಪತ್ರಯ ಇದೆ, ಹೇಳೋದೇ ಮರೆತೆ. ಹಾಡಿನ ಟೆಂಪೊ ಬದಲಿಸಿದರೆ ತಂಬೂರಿ ಏನೋ ಅಲುಗಾಡಿದ ಹಾಗೆ, ನೀರಿನೊಳಗಿಂದ ಬಂದ ಹಾಗೆ ಕೇಳುತ್ತೆ.

ಮಲೆನಾಡ್_ಮಿಕ್ಸ್
ಟೈಮ್‌ಬೇಸ್! ಆಲ್ಟ್-ಎಂಟರ್ ಒತ್ತಿ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆಯಿರಿ. ಐಟಂಗಳ ಟೈಮ್‌ಬೇಸ್ ‘ಬೀಟ್ಸ್: ಪೊಸಿಶನ್, ಲೆಂತ್, ರೇಟ್’ ಅಂತ ಇದ್ದರೆ, ಟೆಂಪೊ ಬದಲಾದಾಗಲೆಲ್ಲ ಆಡಿಯೋವನ್ನ ಎಳೆದು ಇಲ್ಲಾ ಕುಗ್ಗಿಸಿ ಕೂರಿಸುತ್ತೆ. ಶ್ರುತಿ ಹಾಗೇ ಉಳೀಬೇಕು ಅಂತ ಸ್ಟ್ರೆಚ್ ಮಾಡೋದ್ರಲ್ಲಿ ತಂಬೂರಿಯ ಜೀವಾಳಿ (ತಂತಿಯ ಝೇಂಕಾರ) ಕೆಟ್ಟುಹೋಗುತ್ತೆ. ತಂಬೂರಿ ಟ್ರ್ಯಾಕ್ ಒಂದಕ್ಕೆ ಮಾತ್ರ ಟೈಮ್‌ಬೇಸ್ ‘ಟೈಮ್’ ಅಂತ ಮಾಡಿ ಟೆಂಪ್ಲೇಟ್ ಮತ್ತೆ ಸೇವ್ ಮಾಡಿ. ಇಂಥದ್ದು ಟೆಂಪ್ಲೇಟ್‌ನಲ್ಲೇ ಇರಬೇಕಾದ ಕೆಲಸ. ಪ್ರತಿ ಹಾಡಿಗೂ ಯಾರು ನೆನಪಿಟ್ಟುಕೊಳ್ತಾರೆ?

ಶ್ರುತಿಪೆಟ್ಟಿಗೆ
ಮಾಡಿದೆ. ಸರಿಯಾಯ್ತು!! ತಂಬೂರಿ ಮತ್ತೆ ತಂಬೂರಿ ಆಯ್ತು.

ಹೊಸಕಿವಿ
ಗುರುಗಳೇ ಮಧ್ಯೆ ಬಂದೆ. ಗ್ಯಾರೇಜ್‌ಬ್ಯಾಂಡ್‌ನಲ್ಲಿ ಟೆಂಪ್ಲೇಟ್ ಸೇವ್ ಮಾಡೋ ಆಯ್ಕೆನೇ ಕಾಣ್ತಿಲ್ಲ.

ಲಾಜಿಕ್_ಲಹರಿ
ಅದರಲ್ಲಿಲ್ಲ. ಬೇಕಾದ ಹಾಗೆ ಒಂದು ಪ್ರಾಜೆಕ್ಟ್ ಮಾಡಿ ಸೇವ್ ಮಾಡಿ, ಫೈಂಡರ್‌ನಲ್ಲಿ ಗೆಟ್ ಇನ್ಫೋ ತೆರೆದು ‘ಲಾಕ್ಡ್’ ಟಿಕ್ ಹಾಕಿಡಿ. ಅಪ್ಪಿತಪ್ಪಿ ಅದರ ಮೇಲೇ ಸೇವ್ ಆಗಲ್ಲ, ಪ್ರತಿ ಹಾಡಿಗೂ ನಕಲು ಮಾಡಿಕೊಂಡು ಶುರು ಮಾಡಬಹುದು.

ಹೊಸಕಿವಿ
ಥ್ಯಾಂಕ್ಸ್ ಮೇಡಂ. ರೀಪರ್‌ಗೆ ದುಡ್ಡೆಷ್ಟು?

ಮಲೆನಾಡ್_ಮಿಕ್ಸ್
60 ದಿನ ಎಲ್ಲ ಸೌಲಭ್ಯದ ಜೊತೆ ನೋಡಬಹುದು. ಆಮೇಲೆ ಸಣ್ಣ ಬಳಕೆದಾರರಿಗೆ 60 ಡಾಲರ್, ದೊಡ್ಡ ವ್ಯಾಪಾರದವರಿಗೆ 225. 60 ದಿನ ದಾಟಿದರೂ ತೆರೆಯುತ್ತೆ ಅಂತ ಹಾಗೇ ಬಳಸ್ತಾ ಇರಬೇಡಿ, ಕೊಂಡುಕೊಳ್ಳಿ. ಬೆಲೆಗೆ ತಕ್ಕ ಕೆಲಸ ಮಾಡಿದ್ದಾರೆ ಅವರು.

ಕಡಲ_ಚೆಂಡೆ
ನಮ್ಮದು ಬೇರೆಯೇ ಕಥೆ ಮಾರಾಯ್ರೆ. ಯಕ್ಷಗಾನದ ಆಟ ರೆಕಾರ್ಡ್ ಮಾಡುವುದು. ಅಲ್ಲಿ ಟೆಂಪೊ ಇಲ್ಲ, ಗ್ರಿಡ್ ಇಲ್ಲ, ಎರಡನೇ ಟೇಕ್ ಹೇಳಿದರೆ ಕೇಳುವವರೂ ಇಲ್ಲ. ಭಾಗವತರು, ಮದ್ದಳೆ, ಚೆಂಡೆ, ಹಾರ್ಮೋನಿಯಂ, ರಂಗದ ಮೇಲಿನ ಮಾತಿಗೆ ಮೈಕ್‌ಗಳು. ಟೆಂಪ್ಲೇಟ್ ತೆರೆದ ಕೂಡಲೇ ಎಲ್ಲ ಟ್ರ್ಯಾಕ್ ಆರ್ಮ್ (ರೆಕಾರ್ಡಿಂಗ್‌ಗೆ ತಯಾರು) ಆಗಿ ಇನ್‌ಪುಟ್ ಸಮೇತ ಸಿದ್ಧ ಇರಬೇಕು. ಪೀಠಿಕೆ ಶುರುವಾದ ಮೇಲೆ ಇನ್‌ಪುಟ್ 5 ಯಾರದ್ದು ಅಂತ ಹುಡುಕುವುದಕ್ಕೆ ಸಮಯ ಉಂಟಾ?

ಚೆಂಡೆಯ ಇನ್‌ಪುಟ್ ಮಟ್ಟ ತುಂಬಾ ಕೆಳಗೆ ಇಡುತ್ತೇನೆ. ಶುರುವಿನಲ್ಲಿ ಕೇಳಿ ಇಟ್ಟ ಮಟ್ಟ ಏರು ಪದ್ಯ ಬರುವಾಗ ಒಡೆದೇ ಹೋಗುತ್ತದೆ. 24 ಬಿಟ್‌ನಲ್ಲಿ ಕಡಿಮೆ ತೆಗೆದುಕೊಂಡರೆ ಏನೂ ನಷ್ಟ ಇಲ್ಲ, ಆಮೇಲೆ ಏರಿಸಬಹುದು.

ಇನ್ನೊಂದು, ಇಡೀ ರಾತ್ರಿಯ ಆಟ ರೆಕಾರ್ಡ್ ಮಾಡುವವರಿಗೆ. ಮಾಮೂಲಿ ವೇವ್ ಫೈಲ್‌ಗೆ 4 ಜಿಬಿ ಮಿತಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮೋನೊ ಟ್ರ್ಯಾಕ್ ಗಂಟೆಗೆ ಅರ್ಧ ಜಿಬಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಸ್ಟೀರಿಯೋ ಫೈಲ್ ನಾಲ್ಕು ಗಂಟೆ ದಾಟಿದ ಮೇಲೆ ಮಿತಿ ಮುಟ್ಟುತ್ತದೆ, ಮೋನೊ ಎಂಟು ಗಂಟೆಯ ಮೇಲೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಮೀಡಿಯಾ ಭಾಗದಲ್ಲಿ ದೊಡ್ಡ ಫೈಲ್‌ಗೆ ಆರ್‌ಎಫ್64 ಅಥವಾ ವೇವ್64 ಆರಿಸಿ ಟೆಂಪ್ಲೇಟ್‌ನಲ್ಲೇ ಇಟ್ಟುಬಿಡಿ. ಕಾಲಮಿತಿ ಪ್ರಸಂಗಕ್ಕೆ ಈ ತಲೆಬಿಸಿ ಇಲ್ಲ.

ಧಾರವಾಡ_ತಬಲಾ
ಭಾರೀ ಚೊಲೊ ಹೇಳಿದ್ರಿ. ಇದು ನೋಡ್ರಿ ಕೆಲಸದ ಟೆಂಪ್ಲೇಟ್. ಇದರಾಗ ದನಿಗೆ ಯಾರೂ ಕೈ ಹಚ್ಚಿಲ್ಲ.

ಕಥೆ_ಕೇಳಿ
ನಾನು ಕಥೆ ಓದಿ ರೆಕಾರ್ಡ್ ಮಾಡೋಳು. ಒಂದೇ ಟ್ರ್ಯಾಕ್. ಒಂದೇ ಟ್ರ್ಯಾಕ್‌ಗೆ ಟೆಂಪ್ಲೇಟ್ ಯಾಕೆ ಅಂತ ಕೇಳೋರಿದ್ದಾರೆ. ಇಪ್ಪತ್ತು ಅಧ್ಯಾಯದ ಪುಸ್ತಕ ತಿಂಗಳುಗಟ್ಟಲೆ ಓದುವಾಗ ಮೊದಲನೇ ಅಧ್ಯಾಯದ ಧ್ವನಿ ಕೊನೇ ಅಧ್ಯಾಯಕ್ಕೆ ಹೊಂದಬೇಕಲ್ಲ? ಇಲ್ಲಿ ಇಕ್ಯೂ, ಕಂಪ್ರೆಸರ್ ಟೆಂಪ್ಲೇಟ್‌ನಲ್ಲಿ ಇರಲೇಬೇಕು. ಹಾಗಾಗಿ ‘ದನಿಗೆ ಕೈ ಹಚ್ಚಬಾರದು’ ಅನ್ನೋದು ಎಲ್ಲ ಕಡೆಗೂ ಅನ್ವಯಿಸಲ್ಲ ಅಂತ ನನ್ನ ಅಭಿಪ್ರಾಯ. ಆಡಿಬಲ್‌ನ (ಆಡಿಯೋ ಪುಸ್ತಕ ಕಂಪನಿ) ಎಸಿಎಕ್ಸ್ ತಾಣ ಕೇಳೋ ಅಳತೆಯನ್ನೇ ಗುರಿಯಾಗಿ ಇಟ್ಟುಕೊಂಡಿದ್ದೀನಿ: ಆರ್‌ಎಂಎಸ್ (ಸರಾಸರಿ ಮಟ್ಟ) ಮೈನಸ್ 23ರಿಂದ ಮೈನಸ್ 18 ಡೆಸಿಬಲ್ ಒಳಗೆ, ಪೀಕ್ ಮೈನಸ್ 3 ದಾಟಬಾರದು, ಹಿನ್ನೆಲೆ ಸದ್ದು ಮೈನಸ್ 60ಕ್ಕಿಂತ ಕೆಳಗೆ. ಮೀಟರ್ ಟೆಂಪ್ಲೇಟ್‌ನಲ್ಲೇ ಕೂತಿದೆ.

ಕ್ಯೂಬೇಸ್_ಕಡತ
ಹೌದು ಮೇಡಂ, ಇದೇ ನಾನು ಹೇಳ್ತಿದ್ದಿದ್ದು. ಧ್ವನಿಯ ಮೂಲ ಬದಲಾಗದಿದ್ದರೆ ಅದರ ಮೇಲಿನ ಪ್ಲಗಿನ್ ಕೂಡ ಟೆಂಪ್ಲೇಟ್‌ಗೆ ಸೇರಬಹುದು.

ಮಲೆನಾಡ್_ಮಿಕ್ಸ್
ಅದನ್ನ ಒಪ್ಪಿದೆ. ಅದೇ ಮೈಕ್, ಅದೇ ಕೋಣೆ, ಅದೇ ಗಂಟಲು ಇದ್ದರೆ ಸರಿ. ಆದರೆ ಶ್ರುತಿಪೆಟ್ಟಿಗೆಯವರ ಕೋಣೆಗೆ ದಿನಕ್ಕೊಬ್ಬರು ಬರ್ತಾರೆ.

ಎಡಿಸನ್_ಕನ್ನಡಿಗ
ನ್ಯೂಜೆರ್ಸಿಯಿಂದ. ನಾವಿಲ್ಲಿ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಊರಿನಿಂದ ಟ್ರ್ಯಾಕ್ ಮಾಡಿಸಿಕೊಂಡು ಇಲ್ಲಿ ಹಾಡಿ ಸೇರಿಸ್ತೀವಿ. ನನ್ನ ಗೋಳು ಕೇಳಿ. ಒಂದು ಸ್ಟುಡಿಯೋದಿಂದ ಬಂದ ಫೈಲ್‌ಗಳಲ್ಲಿ ಟೆಂಪೊ ಬರೆದಿಲ್ಲ, ಶ್ರುತಿ ಬರೆದಿಲ್ಲ, ಹೆಸರೆಲ್ಲ ‘ಆಡಿಯೋ 01’, ‘ಆಡಿಯೋ 02’. ಒಂದೊಂದು ಫೈಲ್ ಒಂದೊಂದು ಕಡೆ ಶುರುವಾಗುತ್ತೆ. ತಬಲಾ ಎಲ್ಲಿ ಬರಬೇಕು ಅಂತ ಕೇಳಿ ಕೇಳಿ ಹೊಂದಿಸಿದ್ದು. ಸಾಲದ್ದಕ್ಕೆ 48 ಕಿಲೋಹರ್ಟ್ಸ್‌ನಲ್ಲಿ ಮಾಡಿದ್ದನ್ನ ಎಲ್ಲೋ 44.1 ಅಂತ ತಪ್ಪಾಗಿ ಗುರುತು ಹಾಕಿದ್ದಾರೆ, ಹಾಡು ಹತ್ತಿರ ಹತ್ತಿರ ಒಂದೂವರೆ ಸೆಮಿಟೋನ್ ಕೆಳಗೆ ಇಳಿದು ನಿಧಾನವಾಗಿ ಓಡ್ತಿತ್ತು. ಹಾಡೋ ಹುಡುಗಿ ಪಾಪ ‘ಅಂಕಲ್, ನನ್ನ ಶ್ರುತಿ ಇದಲ್ಲ’ ಅಂತಲೇ ಇದ್ದಳು.

ದಯವಿಟ್ಟು ಟೆಂಪ್ಲೇಟ್ ಮಾಡೋರೆಲ್ಲ ಕೊನೆಯಲ್ಲಿ ಫೈಲ್ ಹೊರಗೆ ತೆಗೆಯೋ ಭಾಗವನ್ನೂ ಅದರಲ್ಲೇ ಸಿದ್ಧ ಮಾಡಿಡಿ. ಇದನ್ನ ಯಾರೂ ಮಾತಾಡ್ತಾನೇ ಇಲ್ಲ!

ಮಲೆನಾಡ್_ಮಿಕ್ಸ್
ಒಳ್ಳೇ ಮಾತು ಎತ್ತಿದ್ರಿ. ರೀಪರ್‌ನಲ್ಲಿ ರೆಂಡರ್ (ಫೈಲ್ ಹೊರಗೆ ತೆಗೆಯೋ) ಕಿಟಕಿಯ ಆಯ್ಕೆಗಳು ಪ್ರಾಜೆಕ್ಟ್ ಜೊತೆಗೇ ಸೇವ್ ಆಗ್ತವೆ, ಆದ್ದರಿಂದ ಟೆಂಪ್ಲೇಟ್‌ನಲ್ಲೂ ಉಳೀತವೆ. ಮೂಲಕ್ಕೆ ‘ಸೆಲೆಕ್ಟೆಡ್ ಟ್ರ್ಯಾಕ್ಸ್, ಸ್ಟೆಮ್ಸ್’ (ಸ್ಟೆಮ್ ಅಂದ್ರೆ ಪ್ರತಿ ಟ್ರ್ಯಾಕ್‌ನ ಬೇರೆ ಫೈಲ್) ಆರಿಸಿ, ಫೈಲ್ ಹೆಸರಿಗೆ ವೈಲ್ಡ್‌ಕಾರ್ಡ್‌ನಲ್ಲಿ (ತಾನಾಗೇ ತುಂಬಿಕೊಳ್ಳೋ ಗುರುತು) ಪ್ರಾಜೆಕ್ಟ್ ಹೆಸರು, ಟ್ರ್ಯಾಕ್ ಹೆಸರು ಹಾಕಿ, 48 ಕಿಲೋಹರ್ಟ್ಸ್, 24 ಬಿಟ್ ಇಡಿ. ವ್ಯಾಪ್ತಿ ಇಡೀ ಪ್ರಾಜೆಕ್ಟ್ ಇರಲಿ. ಆಗ ಎಲ್ಲ ಫೈಲೂ ಸೊನ್ನೆಯಿಂದಲೇ ಶುರು, ತೆಗೆದುಕೊಂಡವರು ಒಂದರ ಕೆಳಗೊಂದು ಇಟ್ಟರೆ ಕೂತಿತು. ಟೆಂಪೊ ಮತ್ತು ಶ್ರುತಿಯನ್ನ ಪ್ರಾಜೆಕ್ಟ್ ಹೆಸರಿನಲ್ಲೇ ಸೇರಿಸಿಬಿಡಿ.

ಲಾಜಿಕ್_ಲಹರಿ
ಪ್ರಾಜೆಕ್ಟ್ ನೋಟ್ಸ್ ಕೂಡ ಬಳಸಿ. ಶ್ರುತಿ, ತಾಳ, ರಾಗ, ಯಾವ ಮೈಕ್, ಪ್ರೀಆ್ಯಂಪ್‌ನ ಗುಂಡಿ ಎಲ್ಲಿತ್ತು, ಇಷ್ಟಕ್ಕೆ ಖಾಲಿ ಸಾಲುಗಳನ್ನ ಮೊದಲೇ ಬರೆದಿಟ್ಟರೆ ತುಂಬಿಸೋದು ಸುಲಭ. ರೀಪರ್‌ನಲ್ಲಿ ಪ್ರಾಜೆಕ್ಟ್ ತೆರೆದ ಕೂಡಲೇ ನೋಟ್ಸ್ ತೋರಿಸೋ ಹಾಗೂ ಮಾಡಬಹುದು. ಆರು ತಿಂಗಳ ಮೇಲೆ ಅದೇ ಗಾಯಕಿ ಬಂದು ಒಂದು ಸಾಲು ತಿದ್ದಬೇಕು ಅಂದಾಗ ಇದರ ಬೆಲೆ ಗೊತ್ತಾಗುತ್ತೆ.

ಮಾರ್ಕರ್‌ಗಳೂ ಇರಲಿ: ಪಲ್ಲವಿ, ಬಿಜಿಎಂ, ಚರಣ 1, ಚರಣ 2. ಜಾಗ ಆಮೇಲೆ ಸರಿಸಿಕೊಳ್ಳಬಹುದು.

ಹೊಸಕಿವಿ
ತಾಳಕ್ಕೆ ತಕ್ಕ ಹಾಗೆ ಟೆಂಪ್ಲೇಟ್ ಬೇರೆ ಬೇರೆ ಇಡಬೇಕಾ? ರೂಪಕಕ್ಕೆ 7 ಹಾಕಬೇಕಲ್ವಾ?

ಕಡಲ_ಚೆಂಡೆ
ರೂಪಕಕ್ಕೆ 6 ಅಕ್ಷರ ಅಲ್ವಾ?

ಧಾರವಾಡ_ತಬಲಾ
ಇಬ್ಬರದೂ ಖರೆ ಅದ. ಹಿಂದೂಸ್ತಾನಿ ರೂಪಕ್ 7 ಮಾತ್ರೆ. ಕರ್ನಾಟಕಿ ರೂಪಕ 6 ಅಕ್ಷರ. ಕರ್ನಾಟಕಿಯೊಳಗ 7 ಬೇಕಂದ್ರ ಮಿಶ್ರಛಾಪು, 5ಕ್ಕ ಖಂಡಛಾಪು. ಸುಗಮ ಸಂಗೀತದಾಗ ಬಹಳ ಮಟ್ಟಿಗೆ ಕೆಹರ್ವಾ 8, ದಾದ್ರಾ 6, ಅದರಾಗs ಮುಗೀತದ. ಗ್ರಿಡ್ಡಿಗೆ 7 ಇಟ್ಟು 3-2-2 ಅಂತ ಕ್ಲಿಕ್ಕಿಗೆ ಒತ್ತು ಕೊಡ್ರಿ. ಎಲ್ಲಾ ಏಳೂ ಒಂದs ಥರಾ ಟಿಕ್ ಟಿಕ್ ಅಂದ್ರ ಬಾರಿಸಾವ್ರಿಗೆ ಸಮ್ (ಆವರ್ತದ ಮೊದಲ ಮಾತ್ರೆ) ಎಲ್ಲಿ ಅಂತ ತಿಳಿಯಂಗಿಲ್ಲ. ಆಲಾಪದ ಭಾಗಕ್ಕ ಕ್ಲಿಕ್ಕs ಬಂದ್ ಮಾಡ್ರಿ ಮತ್ತ. ಕ್ಲಿಕ್ ಕೇಳ್ಕೋತ ಆಲಾಪ ಮಾಡಿದ್ದನ್ನ ನಾ ಕೇಳೀನಿ, ಉಸಿರು ಕಟ್ಟಿದಂಗ ಇರ್ತದ.

ಮಲೆನಾಡ್_ಮಿಕ್ಸ್
ಟೆಂಪ್ಲೇಟ್ ಬೇಡ ಅಂದವರೇ ಅತ್ಯುತ್ತಮ ಟೆಂಪ್ಲೇಟ್ ಹೇಳಿಕೊಟ್ಟರು. 3-2-2 ಒತ್ತಿನ ಕ್ಲಿಕ್ ಇವತ್ತೇ ಮಾಡಿಟ್ಟುಕೊಳ್ತೀನಿ.

ಕ್ಯೂಬೇಸ್_ಕಡತ
ಹಳೇ ಟೆಂಪ್ಲೇಟ್ ಇಟ್ಟುಕೊಂಡಿರೋರಿಗೆ ಒಂದು ಎಚ್ಚರಿಕೆ. ವಿಎಸ್‌ಟಿ2 ಅನ್ನೋ ಹಳೇ ಮಾದರಿಯ ಪ್ಲಗಿನ್‌ಗಳಿಗೆ ತನ್ನ ಸಾಫ್ಟ್‌ವೇರ್‌ಗಳಲ್ಲಿ ಬೆಂಬಲ ನಿಲ್ಲಿಸ್ತೀವಿ ಅಂತ ಕ್ಯೂಬೇಸ್ ಮಾಡೋ ಸ್ಟೈನ್‌ಬರ್ಗ್ 2022ರ ಜನವರಿಯಲ್ಲೇ ಹೇಳಿತ್ತು. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದ 32 ಬಿಟ್ ಪ್ರೋಗ್ರಾಂಗಳು ಪೂರ್ತಿ ಹೋದವು. ನಿಮ್ಮ ಟೆಂಪ್ಲೇಟ್ ಯಾವುದೋ ಹಳೇ ಉಚಿತ ಪ್ಲಗಿನ್ ಮೇಲೆ ನಿಂತಿದ್ದರೆ ಹೊಸ ಕಂಪ್ಯೂಟರ್‌ನಲ್ಲಿ ಅರ್ಧ ಟ್ರ್ಯಾಕ್ ಮೌನ. ಸಾಧ್ಯವಾದಷ್ಟೂ ಸಾಫ್ಟ್‌ವೇರ್ ಜೊತೆಗೇ ಬರೋ ಇಕ್ಯೂ, ರಿವರ್ಬ್ ಬಳಸಿ.

ಮಲೆನಾಡ್_ಮಿಕ್ಸ್
ರೀಪರ್‌ನವರು ಇದನ್ನೂ ಮಾಡಿ: ಟೆಂಪ್ಲೇಟ್ ಫೈಲ್ ಬರೀ ಪಠ್ಯ, ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತೆ. ಒಳಗೆ ಡಿ ಡ್ರೈವ್, ಇ ಡ್ರೈವ್ ಅಂತ ಯಾವ ಫೈಲ್‌ನ ದಾರಿ ಇದೆ ಹುಡುಕಿ. ಶ್ರುತಿಪೆಟ್ಟಿಗೆಯವರ ತಂಬೂರಿ ಫೈಲ್ ಪೆನ್‌ಡ್ರೈವ್‌ನಲ್ಲಿದ್ದರೆ ಅದು ಚುಚ್ಚಿಲ್ಲದ ದಿನ ತಂಬೂರಿಯೂ ಇಲ್ಲ. ಹೊಸ ಹಾಡು ಶುರು ಮಾಡಿದ ಕೂಡಲೇ ಸೇವ್ ಆ್ಯಸ್ ಮಾಡಿ, ಪ್ರಾಜೆಕ್ಟ್‌ಗೆ ಪ್ರತ್ಯೇಕ ಫೋಲ್ಡರ್, ಮೀಡಿಯಾ ಎಲ್ಲ ಅದರೊಳಗೆ ಕಾಪಿ ಅನ್ನೋ ಎರಡೂ ಟಿಕ್ ಹಾಕಿ.

ಶ್ರುತಿಪೆಟ್ಟಿಗೆ
ಎಲ್ಲರಿಗೂ ದೊಡ್ಡ ನಮಸ್ಕಾರ. ನೀವು ಹೇಳಿದ್ದನ್ನೆಲ್ಲ ಸೇರಿಸಿ ಹೊಸದು ಕಟ್ಟಿದೆ. ತಂಬೂರಿ (ಟೈಮ್‌ಬೇಸ್ ಸರಿಮಾಡಿದ್ದು), ಹಾರ್ಮೋನಿಯಂ, ದಾಯಾಂ, ಬಾಯಾಂ, ಗಾಯನ, ಎರಡು ರಿವರ್ಬ್, ಹಾಡೋರ ಹೆಡ್‌ಫೋನ್‌ಗೆ ಬೇರೆ ಬಸ್, ಅದರಲ್ಲಿ ತಂಬೂರಿ ಜೋರಾಗಿ. ಮಾಸ್ಟರ್ ಖಾಲಿ. ಉಳಿದ ವಾದ್ಯಗಳೆಲ್ಲ ಟ್ರ್ಯಾಕ್ ಟೆಂಪ್ಲೇಟ್. ನಿನ್ನೆ ಇದರಲ್ಲೇ ಒಂದು ದೇವರನಾಮ ಮಾಡಿದ್ವಿ. ಹಾಡೋರು ಬಂದು ಹೆಡ್‌ಫೋನ್ ಹಾಕಿಕೊಳ್ಳೋ ಹೊತ್ತಿಗೆ ತಂಬೂರಿ ಕೇಳ್ತಿತ್ತು, ಮೊದಲ ಟೇಕೇ ಚೆನ್ನಾಗಿ ಬಂತು.

ಒಂದೇ ಸಂಶಯ ಉಳಿದಿದೆ. ಸ್ಟೆಮ್‌ಗಳನ್ನ ತೆಗೆದು ಮತ್ತೆ ಒಟ್ಟಿಗೆ ಓಡಿಸಿದರೆ ನನ್ನ ಮಿಕ್ಸ್ ಹಾಗೇ ಕೇಳಲ್ಲ, ಸ್ವಲ್ಪ ಜೋರು, ಸ್ವಲ್ಪ ಒರಟು.

ಎಡಿಸನ್_ಕನ್ನಡಿಗ
ಮಿಕ್ಸ್ ಮಾಡುವಾಗ ಮಾಸ್ಟರ್‌ಗೆ ಕಂಪ್ರೆಸರ್ ಇಲ್ಲಾ ಲಿಮಿಟರ್ ಹಾಕಿದ್ದಿರಬೇಕು. ಸ್ಟೆಮ್‌ಗಳು ಅದರ ಮೂಲಕ ಹೋಗಲ್ಲ, ಮಿಕ್ಸ್ ಹೋಗುತ್ತೆ. ಪ್ರತಿ ಸ್ಟೆಮ್‌ನ ಲಿಮಿಟರ್ ಮೂಲಕ ತೆಗೆದರೂ ಹೊಂದಲ್ಲ, ಯಾಕಂದ್ರೆ ಎಲ್ಲ ಸೇರಿದಾಗ ಅದು ಒತ್ತುವಷ್ಟು ಬಿಡಿಬಿಡಿಯಾಗಿ ಒತ್ತಲ್ಲ. ಮಾಸ್ಟರ್ ಬೈಪಾಸ್ ಮಾಡಿ ಒಂದು ಮಿಕ್ಸ್ ತೆಗೀರಿ, ಸ್ಟೆಮ್‌ಗಳ ಜೊತೆ ಇಟ್ಟು ಆ ಮಿಕ್ಸ್‌ನ ಪೋಲ್ಯಾರಿಟಿ (ಧ್ವನಿ ಅಲೆಯ ಮೇಲು ಕೆಳಗು) ತಿರುಗಿಸಿ ಓಡಿಸಿ. ಏನೂ ಕೇಳದಿದ್ದರೆ ಸ್ಟೆಮ್ ಸರಿ ಇವೆ. ಏನಾದರೂ ಕೇಳಿದರೆ, ಕೇಳಿದ್ದು ಯಾವ ವಾದ್ಯ ನೋಡಿ. ಬಹುತೇಕ ಸಲ ಅದು ಫೋಲ್ಡರ್ ಹೊರಗೆ ಉಳಿದ ರಿವರ್ಬ್ ಬಸ್ಸೇ ಆಗಿರುತ್ತೆ.

ಶ್ರುತಿಪೆಟ್ಟಿಗೆ
ರಿವರ್ಬೇ! ಉದ್ದದ್ದನ್ನ ಸ್ಟೆಮ್ ಪಟ್ಟಿಯಲ್ಲಿ ಸೆಲೆಕ್ಟ್ ಮಾಡಿರಲಿಲ್ಲ, ಮಾಸ್ಟರ್ ಮೇಲೆ ಕಂಪ್ರೆಸರ್ ಕೂಡ ಇತ್ತು. ಎರಡೂ ಸರಿಮಾಡಿ ತಿರುಗಿಸಿ ಓಡಿಸಿದೆ, ಪೂರ್ತಿ ನಿಶ್ಶಬ್ದ. ರಿವರ್ಬ್ ಬಸ್‌ಗಳನ್ನೂ ಸೇರಿಸಿ ಒಂದು ಸೆಲೆಕ್ಷನ್ ಸೆಟ್ ಮಾಡಿ ಟೆಂಪ್ಲೇಟ್‌ಗೆ ಹಾಕ್ತಿದ್ದೀನಿ.

ಧಾರವಾಡ_ತಬಲಾ
ಹಾಡು ಮುಗಿದ ಮ್ಯಾಲೆ ಇಲ್ಲೆ ಹಾಕ್ರಿ. ಬಾಯಾಂ ಹ್ಯಾಂಗ ಬಂದದ ಕೇಳಬೇಕು.